ಎಕ್ಸ್‌ರೇ ಕೋಣೆಯ ಮಾತು

"ಬಸುರಿ ಏನರ ಇದ್ದೀರೇನ್ರಿ?"

ಎಕ್ಸ್‌ರೇ ತೆಗೆಯುವ ಹುಡುಗನ ಬಾಯಿಂದ ಈ ಮಾತು ಬಂದದ್ದೇ ತಡ, ಅಂಕಿತಾಳ ಮೈಯೆಲ್ಲ ಉರಿದುಹೋಯಿತು. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಕೊರಳಲ್ಲಿ ತಾಳಿಯಿಲ್ಲ, ಬಾಗಿಲಲ್ಲಿ ಅವ್ವ ನೀಲಗಂಗವ್ವ ಬೇರೆ ನಿಂತಿದ್ದಾಳೆ... ಕೇಳುವ ಮಾತೇ ಇದು?

"ಇಲ್ಲ," ಎಂದಳು ಬಿರುಸಾಗಿ.

ಅವಳು ಬಂದದ್ದು ಸೊಟ್ಟ ಹಲ್ಲಿಗೆ ತಂತಿ ಹಾಕಿಸಲು. ಒಂದು ಕೋರೆಹಲ್ಲು ಹೊರಗೇ ಬಂದಿರಲಿಲ್ಲ. ಅದು ಎಲುಬಿನೊಳಗೆ ಎಲ್ಲಿದೆ, ಬೇರುಗಳು ಹೇಗಿವೆ ಎಂದು ನೋಡದೆ ತಂತಿ ಹಾಕುವುದಿಲ್ಲ ಎಂದಿದ್ದರು ಡಾಕ್ಟರ್ ಅಲ್ಫಿಯಾ.

"ಗದ್ದ ಇಲ್ಲಿ ಇಡ್ರಿ. ಅಂಜಬ್ಯಾಡ್ರಿ," ಎಂದ ಅವನು ಮೆತ್ತಗೆ. ಆ ದನಿ ಮನೆಯವರೆಗೂ ಕಿವಿಯಲ್ಲೇ ಉಳಿದದ್ದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಸಂಜೆ ಅವ್ವ ಮೊಬೈಲು ಹಿಡಿದು ಬಂದಳು. "ಮುಂಡರಗಿ ವರನ ಫೋಟೊ ನೋಡವಾ. ಕಳಕೇಶ ಅಂತ. ಅದ ಎಕ್ಸ್‌ರೇ ಹುಡುಗ."

"ನನ್ನ ಫೋಟೊ ಅವರಿಗೆ ಯಾವಾಗ ಹೋಗೇತಿ?"

"ಹ್ವಾದ ವಾರನ."

ಅಂದರೆ... ಗುರುತು ಹಿಡಿದೇ ಕೇಳಿದ್ದಾನೆ! ಹೆಣ್ಣು ನೋಡುವ ಮೊದಲು ಎಲ್ಲರೂ ಓಣಿಯಲ್ಲಿ ಗುಟ್ಟಾಗಿ ವಿಚಾರಿಸುತ್ತಾರೆ. ಈ ಪುಣ್ಯಾತ್ಮ ನೇರ ತನ್ನನ್ನೇ ತಪಾಸು ಮಾಡಿಬಿಟ್ಟ! ಇಂಥ ಅನುಮಾನದವನ ಜೊತೆ ಬಾಳುವೆ ಹೇಗೆ?

"ಬರೂದು ಬ್ಯಾಡ ಅಂತ ಹೇಳಿಬಿಡು," ಎಂದಳು. ರಾತ್ರಿ ಅತ್ತದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ.

ತಂತಿ ಹಾಕಿಸಿಕೊಂಡು ಕೆಲವು ತಿಂಗಳಾದವು. ಒಳಗಿನ ಹಲ್ಲು ಎಷ್ಟು ಸರಿದಿದೆ ಎಂದು ನೋಡಲು ಮತ್ತೊಂದು ಎಕ್ಸ್‌ರೇ. ಬೇಡದ ಮನಸ್ಸಿನಿಂದಲೇ ಹೋದವಳು ಬಾಗಿಲಲ್ಲಿ ನಿಂತಳು. ಒಳಗೆ ಹಲ್ಲುನೋವಿಗೆ ಡಾಕ್ಟರ್ ಅಲ್ಫಿಯಾ ತಾವೇ ಎಕ್ಸ್‌ರೇಗೆ ಕೂತಿದ್ದರು. ಅವರಿಗೂ ಇನ್ನೂ ಮದುವೆಯಾಗಿರಲಿಲ್ಲ.

"ಮೇಡಮ್ಮರ, ಬಸುರಿ ಏನರ ಇದ್ದೀರೇನ್ರಿ?" ಕಳಕೇಶ ನೆಲ ನೋಡುತ್ತಲೇ ಕೇಳಿದ.

"ಇಲ್ಲಪಾ. ಜಲ್ದಿ ತಗಿ," ಎಂದರು ಅವರು.

ಅಂಕಿತಾ ತುಟಿ ಕಚ್ಚಿಕೊಂಡಳು. ಡಾಕ್ಟರು ಹೊರಟ ಮೇಲೆ ಒಳಗೆ ಹೋದಳು.

"ಅವತ್ತ ನನ್ನ ಗುರ್ತು ಹಿಡಿದಿದ್ರಿ, ಖರೆ ಹೇಳ್ರಿ."

"ಹಿಡಿದಿದ್ದೆ. ಹೊಟ್ಟ್ಯಾಗ ಕೂಸಿದ್ರ ಡಾಕ್ಟರಿಗೆ ಮೊದಲ ಗೊತ್ತಾಗಬೇಕು, ಅದಕ್ಕ ಎಲ್ಲಾ ಹೆಣ್ಣಮಕ್ಕಳಿಗೂ ಕೇಳ್ತೇನ್ರಿ. ನಿಮಗ ಕೇಳುಮುಂದ ನಾಲಿಗಿನ ಏಳಲಿಲ್ಲ. ಆದ್ರೂ ಕೇಳಿದೆ."

"ನಾ ಬ್ಯಾಡ ಅಂದಾಗ ಒಂದು ಮಾತು ಹೇಳಬಾರದಾಗಿತ್ತೇನು?"

"ಪೇಶಂಟ್ ನಂಬರ್ ತಗೊಂಡು ಫೋನ್ ಮಾಡೂದು ಸರಿ ಅನ್ನಿಸ್ಲಿಲ್ಲ." ಅವನ ದನಿ ಇಳಿಯಿತು. "ಬ್ಯಾರೆ ಹುಡುಗಿ ನೋಡಾಕೂ ಮನಸ್ಸಾಗಲಿಲ್ರಿ."

ಅವಳ ಕಣ್ಣು ತುಂಬಿ ಬಂದವು. ಇಷ್ಟು ದಿನ ಬೈದುಕೊಂಡವನನ್ನೇ ತಾನು ಕಾದಿದ್ದೆನೆಂದು ಆಗ ಗೊತ್ತಾಯಿತು.

"ನಿಮ್ಮ ಅವ್ವಾರನ್ನ ಕರಕೊಂಡು ಮನಿಗೆ ಬರ್ರಿ. ಆದ್ರ... ತಂತಿ ಇನ್ನೂ ಭಾಳ ದಿನ ಇರ್ತಾವು. ಮದುವಿ ಫೋಟೊದಾಗೂ ಕಾಣ್ತಾವು."

"ಕಾಣಲಿ. ನೀವು ಬಾಯಿ ತುಂಬ ನಗ್ರಿ."