ವಾರಕ್ಕೊಂದು ಬೆರಳು ಬಿಸಿಲು

ಏಣಿಯ ಮೇಲೆ ನಿಂತು ಅವಳು ಸೋಲಾರ್ ಪ್ಯಾನೆಲ್ಲಿಗೆ ಬೈಯುತ್ತಿದ್ದಳು.

“ದರಿದ್ರದ್ದೇ, ಬಿಸಿಲು ಕುಡಿಯೋಕೂ ನಿನಗೆ ಉಪಚಾರ ಬೇಕಾ?”

“ಸ್ವಲ್ಪ ಮೆಲ್ಲಗೆ ಬೈರಿ. ಪಾಪ, ಅದಕ್ಕೂ ಮನಸ್ಸಿರುತ್ತೆ,” ಎಂದಿತು ಕೆಳಗಿನಿಂದ ಒಂದು ದನಿ.

ಅವಳದೇ ಭಾಷೆ! ಸಮುದ್ರ ದಾಟಿ ಬಂದ ದೇಶ. ಕೊನೆಯ ಕರೆಂಟು ಕಂಬದಿಂದಲೂ ಏಳು ಮೈಲಿ ಆಚೆಗಿನ ಗುಡ್ಡ. ಕುರಿಗಳ ಹೊರತು ಮಾತಾಡಿಸುವವರಿಲ್ಲ. ಅಂಥ ಕಡೆ ತಾಯಿನುಡಿ ಕಿವಿಗೆ ಬಿದ್ದರೆ ಯಾರ ಕಾಲಾದರೂ ಜಾರುತ್ತದೆ. ಜಾರಿತು. ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಪೇಟೆಯ ಅಂಗಡಿಯವರು ಕಳಿಸಿದ ರಿಪೇರಿಯವನು ಅವನು. ಹತ್ತು ವರ್ಷದ ಹಿಂದೆ ಬಂದು ಇಲ್ಲೇ ಉಳಿದವನು. ಕಣಿವೆಯ ಜನ ಅವನನ್ನು ‘ಬ್ಯಾಟರಿ’ ಎಂದೇ ಕರೆಯುತ್ತಿದ್ದರು.

ಅವಳು ದರ್ಜಿ. ಹದಿನಾಲ್ಕು ವರ್ಷ ನಾಲ್ಕನೇ ಮಹಡಿಯ ಟ್ಯೂಬ್‌ಲೈಟಿನಡಿ ಬೇರೆಯವರ ಬಟ್ಟೆ ಹೊಲಿದು, ಕಿಟಕಿಯಾಚೆ ಗೋಡೆಯನ್ನಷ್ಟೇ ನೋಡಿದವಳು. ಮಳೆ ನೀರು, ಸೌದೆ ಒಲೆ, ಸೂರ್ಯನ ದೀಪ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಇಷ್ಟೇ ಇರುವ ಮನೆ ಅವಳ ಕನಸು. “ನೆಟ್ಟಗೆ ಒಂದು ಮೊಳೆ ಹೊಡೆಯೋಕೆ ಬರಲ್ಲ, ಗುಡ್ಡದ ಮೇಲೆ ಮನೆ ಮಾಡ್ತಾಳಂತೆ!” ಎಂದಿದ್ದಳು ಅಕ್ಕ. ಕೊನೆಗೊಂದು ಒಪ್ಪಂದವಾಗಿತ್ತು. ಒಂದು ಚಳಿಗಾಲವನ್ನು ತಂಗಿ ತನ್ನ ಕೈಯಾರೆ ದಾಟಬೇಕು. ಆಗದಿದ್ದರೆ ತುಟಿಪಿಟಕ್ಕೆನ್ನದೆ ವಾಪಸು ಬರಬೇಕು. ಇವಳೋ ಕೊಟ್ಟ ಮಾತಿಗೆ ತಪ್ಪುವವಳಲ್ಲ.

“ಯಾರು ಕೂರಿಸಿದ್ದು ಇದನ್ನ?” ಅವನು ಕೇಳಿದ.

“ನಾನೇ. ಒಂದು ಬೋಲ್ಟನ್ನೂ ಬೇರೆ ಯಾರೂ ಮುಟ್ಟಿಲ್ಲ.”

ಹೇಳುವಾಗ ಅವಳ ಮುಖ ಬೆಳಗಿತು. ಅವನು ಪ್ಯಾನೆಲ್ ನೋಡಿದ, ಆ ಮುಖ ನೋಡಿದ, ಬಾಯಿ ತೆರೆದು ಮುಚ್ಚಿದ.

“ಚೆನ್ನಾಗೇ ಕೂರಿಸಿದೀರಿ. ಬ್ಯಾಟರಿ ಹೊಸದು, ಹೊಂದಿಕೊಳ್ಳೋಕೆ ಟೈಮ್ ಬೇಕು. ವಾರಕ್ಕೊಂದ್ಸಲ ಬಂದು ನೋಡ್ತೀನಿ.”

ಬಂದ. ಪ್ರತಿ ಗುರುವಾರ ಬಂದ. ಹಿತ್ತಲಲ್ಲಿ ಏಣಿ ಹತ್ತಿ ಬೋಲ್ಟು ಒರೆಸಿ ಇಳಿದು, ಅವಳು ಕೊಟ್ಟ ಟೀ ಹಿಡಿದು ಹೊಲಿಗೆ ಯಂತ್ರದ ಪಕ್ಕ ಕೂರುತ್ತಿದ್ದ. ಮನೆಯಲ್ಲಿ ಬೆಳಕು ಒಂದಿಷ್ಟೊಂದಿಷ್ಟೇ ಹೆಚ್ಚಿತು. ಮೊದಲು ದೀಪ ಊಟದ ತನಕ ಉರಿಯಿತು, ಆಮೇಲೆ ಪುಸ್ತಕದ ಎರಡು ಪುಟದ ತನಕ, ಆಮೇಲೆ ರೇಡಿಯೋದ ಹಾಡಿನ ತನಕ. ‘ಎಲ್ಲಾ ನಾನೇ ಮಾಡಿದ್ದು’ ಎಂದು ಅವಳು ಅಕ್ಕನಿಗೆ ಬರೆದಳು. ಬುಧವಾರ ಬಂದರೆ ಸಾಕು, ಕಾರಣವಿಲ್ಲದೆ ಎರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದಳು.

“ನಿಮ್ಮ ಈ ಐದು ಗುಂಡಿಯ ಕೋಟಿಗೆ ಏಳು ಸಲ ಗುಂಡಿ ಹಾಕಿಕೊಟ್ಟಿದೀನಿ,” ಒಂದು ದಿನ ಅವಳೆಂದಳು.

“ನಿಮ್ಮ ದಾರ ಗಟ್ಟಿಯಿಲ್ಲ.”

“ನನ್ನ ದಾರಕ್ಕೆ ಹೆಸರಿಡಬೇಡಿ. ನಿಮ್ಮ ಬೆರಳು ಸುಮ್ನಿರಲ್ಲ, ಅಷ್ಟೇ.”

ಅವನು ಬೆರಳುಗಳನ್ನು ತಪ್ಪಿತಸ್ಥರಂತೆ ಮುಂದೆ ಚಾಚಿದ. ಅವಳು ನಗುತ್ತಾ ಸೂಜಿ ತೋರಿಸಿ ಹೆದರಿಸಿದಳು. ಕಣ್ಣುಗಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತವು.

ಚಳಿಗಾಲ ಮುಗಿಯಲು ಹತ್ತು ದಿನ ಉಳಿದಿದ್ದ ಒಂದು ಗುರುವಾರ, ಅವನು ಬರುವ ಮೊದಲೇ ಪ್ಯಾನೆಲ್ಲಿನ ಧೂಳು ಒರೆಸೋಣವೆಂದು ಅವಳೇ ಏಣಿ ಹತ್ತಿದಳು. ಕೂರಿಸುವಾಗ ಅಳತೆ ತಪ್ಪದಿರಲೆಂದು, ದರ್ಜಿಯ ಅಭ್ಯಾಸ ನೋಡಿ, ಕತ್ತರಿ ತುದಿಯಿಂದ ಪ್ಯಾನೆಲ್ ನಿಂತ ಕಂಬಕ್ಕೊಂದು, ಅದರ ಮೇಲೆ ತಿರುಗುವ ಕಬ್ಬಿಣದ ಬಳೆಗೊಂದು ಗೀಟು ಎಳೆದಿದ್ದಳು. ಎರಡೂ ಕೂಡಬೇಕಿತ್ತು. ಈಗ ಒಂದು ಈ ಬದಿಗಿತ್ತು, ಇನ್ನೊಂದು ಆ ಬದಿಗಿತ್ತು.

ಅವಳ ದೇಶದಲ್ಲಿ ಎಲ್ಲರೂ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಕೂರಿಸುತ್ತಾರೆ. ಅವಳೂ ಹಾಗೇ ಕೂರಿಸಿದ್ದಳು. ಭೂಮಿಯ ಕೆಳಗಿನ ಅರ್ಧದಲ್ಲಿರುವ ಈ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲುತ್ತಾನೆ. ಈಗ ಪ್ಯಾನೆಲ್ ಉತ್ತರಕ್ಕೆ ಮುಖ ಮಾಡಿತ್ತು.

ಅವನು ಬಂದಾಗ ಅವಳು ಏಣಿಯ ಬುಡದಲ್ಲೇ ನಿಂತಿದ್ದಳು.

“ಮೊದಲ ದಿನವೇ ಗೊತ್ತಿತ್ತಾ?”

“ಗೊತ್ತಿತ್ತು. ನಿಮ್ಮ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ. ವಾರಕ್ಕೆ ಒಂದು ಬೆರಳಷ್ಟು ತಿರುಗಿಸಿದ್ರೆ ತಿಳಿಯಲ್ಲ ಅಂದ್ಕೊಂಡೆ.” ಅವನು ನೆಲ ನೋಡಿದ. “ನಾಲ್ಕನೇ ವಾರದಿಂದ ಅರ್ಧ ಬೆರಳಿಗೆ ಇಳಿಸಿದೆ.”

“ಅದ್ಯಾಕೆ?”

“ಬೇಗ ಮುಗಿದುಹೋದ್ರೆ ಆಮೇಲೆ ಬರೋಕೆ ನೆಪ ಇರ್ತಿರ್ಲಿಲ್ಲ. ನೀವಂದ್ರೆ ನನಗೆ ಪ್ರಾಣ.”

ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೇ ಸಿಟ್ಟೂ ಬಂತು.

“ಹಾಗಾದ್ರೆ ಈ ಬೆಳಕು ನನ್ನದಲ್ಲ. ಅಕ್ಕನ ಮುಂದೆ ನಾನು ಸೋತೆ, ವಾಪಸ್ ಹೋಗ್ಬೇಕು. ಒಂದು ಮಾತು ಹೇಳಿದ್ರೆ ನಾನೇ ತಿರುಗಿಸ್ತಿದ್ದೆ. ನನ್ನ ಮೇಲೆ ಪ್ರೀತಿ ಇತ್ತು, ನನ್ನ ಕೈ ಮೇಲೆ ನಂಬಿಕೆ ಇರ್ಲಿಲ್ಲ.”

“ತಪ್ಪಾಯ್ತು,” ಎಂದ ಅವನು. ಸ್ಪ್ಯಾನರನ್ನು ಅವಳ ಕೈಗಿಟ್ಟು ಗುಡ್ಡ ಇಳಿದುಹೋದ.

ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಏಣಿ ಹತ್ತಿ, ಗೀಟಿಗೆ ಗೀಟು ಕೂಡುವಂತೆ ಪ್ಯಾನೆಲ್ಲನ್ನು ಮತ್ತೆ ದಕ್ಷಿಣಕ್ಕೇ ತಿರುಗಿಸಿದಳು. ಮೂರು ದಿನ ಮನೆಯಲ್ಲಿ ಮೇಣದಬತ್ತಿಯೇ ಗತಿಯಾಯಿತು. ಆ ಮೂರೂ ದಿನ ಅವಳು ಅಂಗಳದಲ್ಲಿ ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಗುಂಡುಪಿನ್ನು ಚುಚ್ಚಿ, ಟೇಪು ಹಿಡಿದು ಅಳೆದಳು. ಎಲ್ಲಕ್ಕಿಂತ ಗಿಡ್ಡ ನೆರಳು ಎತ್ತ ಬಿತ್ತೋ ಅದಕ್ಕೆ ಸರಿಯಾಗಿ ಬೆನ್ನು ಮಾಡಿ ಪ್ಯಾನೆಲ್ ಕೂರಿಸಿ, ಬೋಲ್ಟು ಬಿಗಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಎರಡು ದಿನ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಪೂರ್ತಿ ತುಂಬಿತು.

ಅಕ್ಕನಿಗೆ ಫೋನು ಮಾಡಿ ಒಂದನ್ನೂ ಮುಚ್ಚಿಡದೆ ಹೇಳಿದಳು.

“ನೀನೇ ತಿರುಗಿಸಿದ್ಯಾ? ಹಾಗಾದ್ರೆ ಗೆದ್ದೆ ಕಣೇ, ಇರು ಅಲ್ಲೇ,” ಎಂದಳು ಅಕ್ಕ. “ಅದಿರಲಿ, ಆ ಅರ್ಧ ಬೆರಳಿನವನು ನೋಡೋಕೆ ಹೇಗಿದಾನೆ?”

ಮುಂದಿನ ಫೋನು ಅವನಿಗೆ.

“ಪ್ಯಾನೆಲ್ ನಾನೇ ಕೂರಿಸಿದೆ. ಬ್ಯಾಟರಿ ತುಂಬಿದೆ. ಇನ್ನು ನೀವು ಬರೋ ಅಗತ್ಯ ಇಲ್ಲ.”

“ಸರಿ. ಗೊತ್ತಾಯ್ತು.”

“ಏನು ಮಣ್ಣು ಗೊತ್ತಾಯ್ತು? ಅಗತ್ಯ ಇದ್ದಿದ್ರೆ ಅಂಗಡಿಗೆ ಫೋನ್ ಮಾಡ್ತಿದ್ದೆ. ಅಗತ್ಯ ಇಲ್ದೇನೇ ಬನ್ನಿ. ನೀವು ಬರೋದು ನನಗೆ ಇಷ್ಟ.”

ಕೆಳಗಿನ ರಸ್ತೆಯಿಂದ ಒಂದು ಗಂಟೆಯ ಏರುದಾರಿ ಅದು. ಅವನು ಏದುಸಿರು ಬಿಡುತ್ತಾ ಬಂದು ಹೊಸ್ತಿಲಲ್ಲಿ ನಿಂತ. ಒಳಗೆ ಬರಲೋ ಬೇಡವೋ ಎಂದು ಅವಳ ಮುಖ ನೋಡಿದ. ಅವಳು ಬೊಬ್ಬೆ ಎದ್ದ ಕೈ ಚಾಚಿದಳು. ಅವನು ಅದನ್ನು ಹಿಡಿದುಕೊಂಡ. ಹೊರಗೆ ಇನ್ನೂ ಬೇಕಾದಷ್ಟು ಬಿಸಿಲಿತ್ತು.