ವೃಂದಾಳ ಎಡಗೈ

“ಎನ್ನ ಸಾರ್, ಅಪ್ಪಡಿ ಪಾಕ್ಕರೀಂಗ?”

ಕೀಲ್ಪಾಕ್‌ನ ಕಾಫಿ ಅಂಗಡಿಯಲ್ಲಿ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಪ್ರತಾಪನಿಗೆ ತಮಿಳು ಅಷ್ಟಾಗಿ ಬಾರದು. ಆದರೂ ‘ಯಾಕೆ ಹಾಗೆ ನೋಡ್ತೀರಿ’ ಎಂದು ಎದುರು ಮೇಜಿನ ಹುಡುಗಿ ಕೇಳುತ್ತಿದ್ದುದು ಅವಳ ಕಣ್ಣಿನಲ್ಲೇ ತಿಳಿಯುತ್ತಿತ್ತು.

“ಅಯ್ಯೋ ಶಿವನೇ, ಲೋಟ ಹಿಡಿದ ಹೆಬ್ಬೆಟ್ಟು ನೋಡ್ತಿದ್ದೆ ಅಂದ್ರೆ ಯಾರ್ ನಂಬ್ತಾರೆ!” ಎಂದು ಗೊಣಗಿಕೊಂಡ.

“ಹೆಬ್ಬೆಟ್ಟಾ?” ಅವಳು ಕನ್ನಡದಲ್ಲೇ ಕೇಳಿದಳು.

ನಾಚಿಕೆಯಿಂದಲೇ ಅವನು ಲ್ಯಾಪ್‌ಟಾಪ್ ತಿರುಗಿಸಿದ. ಚಾಮರಾಜನಗರದಿಂದ ಬಂದು ಇಲ್ಲಿನ ಆನಿಮೇಶನ್ ಸ್ಟುಡಿಯೋ ಸೇರಿದ್ದ ಅವನ ಕೆಲಸ, ಬೊಂಬೆಗಳಿಗೆ ಮೂಳೆ ಕೂರಿಸಿ ಅವು ಓಡಾಡುವಂತೆ ಮಾಡುವುದು. ಪರದೆಯ ಮೇಲಿನ ಹುಡುಗಿ ಲೋಟ ಹಿಡಿದಳು. ಹೆಬ್ಬೆರಳು ಕಡ್ಡಿಯಂತೆ ಮುರಿದುಕೊಂಡಿತು.

ಅವಳಿಗೆ ನಗು ತಡೆಯಲಾಗಲಿಲ್ಲ.

“ಇದಕ್ಕೆ ಬಾಗಿಲ ಬಿಜಾಗರಿ ಹಾಕಿದ್ದೀರಲ್ಲ! ಬೆರಳಿನ ನಡು ಗಿಣ್ಣಿಗಾದ್ರೆ ಸರಿ. ಹೆಬ್ಬೆಟ್ಟಿನ ಬುಡ ಹಾಗಲ್ಲಪ್ಪಾ, ಕುದುರೆ ಜೀನಿನ ಮೇಲೆ ಸವಾರ ಕೂತ ಹಾಗೆ. ಮುಂದಕ್ಕೂ ಬಾಗತ್ತೆ, ಪಕ್ಕಕ್ಕೂ ವಾಲತ್ತೆ.”

ಅವಳು ವೃಂದಾ, ಮನೆಮಾತು ಕನ್ನಡ. ಹತ್ತಿರದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದಳು.

ಆಮೇಲೆ ಪ್ರತಿ ಶನಿವಾರ ಅದೇ ಮೇಜು. ಅವಳು ಹೇಳುತ್ತಿದ್ದಳು: ತಲೆಬುರುಡೆಯ ಮೂಳೆಗಳು ಹೊಲಿಗೆ ಹಾಕಿದಂತೆ ಅಲುಗದೆ ಕೂತಿರುತ್ತವೆ, ಬೆನ್ನುಮೂಳೆಗಳ ನಡುವೆ ಮೆತ್ತೆಯಿರುವುದರಿಂದ ಅವು ಸ್ವಲ್ಪವೇ ಮಣಿಯುತ್ತವೆ, ಭುಜ, ಸೊಂಟ, ಮಂಡಿಯಂಥ ಕೀಲುಗಳೊಳಗೆ ಮಾತ್ರ ಎಣ್ಣೆಯಂಥ ದ್ರವ, ಅದಕ್ಕೇ ಅಷ್ಟು ಸಲೀಸು. ಅವಳ ಬಾಯಲ್ಲಿ ಕೇಳಿದರೆ, ಇಷ್ಟು ಚೆಂದದ ಯಂತ್ರವನ್ನು ಹೊತ್ತುಕೊಂಡು ತಾನು ಇಷ್ಟು ವರ್ಷ ಸುಮ್ಮನೆ ತಿರುಗಿದೆನಲ್ಲ ಎನಿಸುತ್ತಿತ್ತು ಅವನಿಗೆ.

“ಕೇಳ್ತಿದ್ದೀರಾ, ನೋಡ್ತಿದ್ದೀರಾ?”

“ಎರಡೂ ಕಣ್ರೀ.”

ಅವಳು ನಗುವನ್ನು ಲೋಟದ ಹಿಂದೆ ಬಚ್ಚಿಟ್ಟುಕೊಂಡಳು.

ಒಂದು ಶನಿವಾರ ಅವನು ಹೊಸ ದೃಶ್ಯ ತೋರಿಸಿದ. ಬೊಂಬೆ ಹುಡುಗಿ ಎಡಗೈಯಲ್ಲಿ ಮಲ್ಲಿಗೆ ಮುಡಿಯುತ್ತಿದ್ದಳು. ಕೈ ತಲೆಯವರೆಗೆ ಹೋಗುತ್ತಿರಲಿಲ್ಲ. ತಲೆಯೇ ಬಾಗಿ ಕೈಯ ಬಳಿಗೆ ಬರುತ್ತಿತ್ತು.

ವೃಂದಾಳ ಮುಖ ಬಿಳುಚಿತು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಅವಳ ಎಡ ಮೊಣಕೈ ಬಿಗಿದುಕೊಂಡಿತ್ತು, ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಹೋದ ವರ್ಷ ಗೊತ್ತಾಗಿದ್ದ ಮದುವೆ ಅದನ್ನು ಕಂಡ ಮೇಲೆಯೇ ಮುರಿದಿತ್ತು.

“ನನ್ನ ಕೈನ ಊರಿಗೆಲ್ಲ ತೋರಿಸಕ್ಕೆ ಹೊರಟ್ರಾ?” ಎಂದವಳೇ ಎದ್ದು ಹೋದಳು. ಮರುದಿನ ಫೋನೂ ಎತ್ತಲಿಲ್ಲ.

ಸಂಜೆ ಅವನು ಅಡ್ಯಾರ್‌ನ ಅವಳ ಮನೆಗೇ ಹೋದ. ಬಾಗಿಲು ತೆಗೆದ ಅಜ್ಜಿ ಅಂಬುಜಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕನ್ನಡದ ಹುಡುಗನಾ? ಒಳಗ್ ಬಾಪ್ಪಾ. ವೃಂದಾ, ಯಾರೋ ಬಂದಿದ್ದಾರೆ ನೋಡು!” ಎಂದು ಕೂಗಿ ಅಡುಗೆಮನೆಗೆ ಹೋದರು.

ವೃಂದಾ ಬಂದು ಎದುರಿಗೆ ನಿಂತಳು.

“ಕೇಳ್ದೆ ಮಾಡಿದ್ದು ತಪ್ಪು,” ಎಂದ ಪ್ರತಾಪ, ಲ್ಯಾಪ್‌ಟಾಪ್ ತೆರೆದು ಟೀಪಾಯಿಯ ಮೇಲಿಡುತ್ತಾ. “ಇದರ ಕಾಪಿ ಬೇರೆಲ್ಲೂ ಇಲ್ಲ. ನಿಮ್ಮೆದುರಿಗೇ ಅಳಿಸಿಬಿಡ್ತೀನಿ. ಆದ್ರೆ ಒಂದ್ ಮಾತು. ಎಷ್ಟೋ ಕೈ ಮಾಡಿದೀನಿ ಕಣ್ರೀ, ಯಾವುದೂ ನೆನಪಿಲ್ಲ. ನೀವು ಆವತ್ತು ಕಾಫಿ ಅಂಗಡೀಲಿ ಬಲಗೈಲಿ ಲೋಟ ಹಿಡ್ಕೊಂಡೇ ಎಡಗೈಲಿ ಹೂ ಮುಡಿದಿದ್ದು ಮಾತ್ರ ಕಣ್ಣಿಂದ ಹೋಗ್ಲೇ ಇಲ್ಲ. ಅಷ್ಟು ಚೆಂದವಾಗಿ ಯಾರೂ ತಲೆ ಬಾಗಿಸಿದ್ದು ನಾನ್ ನೋಡಿಲ್ಲ. ನಂಗೆ ನೀವಂದ್ರೆ ಇಷ್ಟ.”

ಅವನ ಬೆರಳು ಅಳಿಸುವ ಗುಂಡಿಯ ಮೇಲಿತ್ತು.

“ಇರಿ,” ಎಂದಳು. ಲ್ಯಾಪ್‌ಟಾಪ್ ತನ್ನ ಕಡೆಗೆ ಎಳೆದುಕೊಂಡು ನೋಡಿದಳು. ಇನ್ನೊಮ್ಮೆ ನೋಡಿದಳು. ಕಣ್ಣು ಒರೆಸಿಕೊಂಡಳು.

“ನಾನು ಹೀಗಾ ಕಾಣ್ತೀನಿ?”

“ಇದಕ್ಕಿಂತ ಚೆನ್ನಾಗಿ.”

“ಅಳಿಸ್ಬೇಡಿ.” ಲ್ಯಾಪ್‌ಟಾಪ್ ಮುಚ್ಚಿ ಹೇಳಿದಳು, “ಅಪ್ಪ ಅಮ್ಮ ಕೋವಿಲ್‌ಗೆ ಪೂಜೆ ಮಾಡಿಸಕ್ಕೆ ಹೋಗಿದ್ದಾರೆ, ಇನ್ನೇನು ಬರ್ತಾರೆ. ಅಲ್ಲೀವರೆಗೂ ಇರಿ, ನಾನೇ ಹೇಳ್ತೀನಿ.”

“ಏನಂತ?”

“ಈ ಹುಡುಗನ್ನ ನಾನು ಮದುವೆ ಆಗ್ತೀನಿ ಅಂತ.”

ನಿಂತಿದ್ದ ಪ್ರತಾಪ ಮೆಲ್ಲಗೆ ಸೋಫಾದ ಮೇಲೆ ಕುಳಿತ. ವೃಂದಾ ಬಂದು ಅವನ ಪಕ್ಕದಲ್ಲೇ ಕೂತಳು.