ಗಂಧದ ಬುಡದ ತೊಗರಿ

"ಅಯ್ಯೋ! ನಿಲ್ಸಿ... ಕುಡುಗೋಲು ಕೆಳಗಿಡಿ!"

ಬದುವಿನ ಮೇಲಿಂದ ಕೂಗುತ್ತಲೇ ಓಡಿಬಂದಳು ಶೋಭಿತಾ.

ಹೊಲದಲ್ಲಿ ಬಗ್ಗಿದ್ದವನು ತಲೆಯೆತ್ತಿದ. ಅವನ ಹಿಂದೆ ಇಡೀ ಒಂದು ಸಾಲು ತೊಗರಿ ಬುಡದಿಂದಲೇ ಕುಯ್ಸಿಕೊಂಡು ಮಲಗಿತ್ತು. ಅವನ ಮುಖದಲ್ಲೋ, ಒಳ್ಳೇ ಕೆಲಸ ಮುಗಿಸಿದ ಸಮಾಧಾನ!

"ಯಾಕ್ರೀ? ಕಾಯಿ ಬಲ್ತು ಒಣಗವೆ. ಕುಯ್ಯದೆ ಇನ್ನೇನ್ ಮಾಡ್ಲಿ? ನಮ್ಮವ್ವನ ಒಲ ಕಣ್ರೀ ಇದು."

"ಹೊಲ ನಿಮ್ದೇ ಇರ್ಬೋದು. ಗಿಡ ನಂದು!"

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು. ಅಳುವಿಗೂ ಒಂದು ಹೊತ್ತು ಗೊತ್ತು ಬೇಡವೇ!

ಶೋಭಿತಾ ಮಂಡ್ಯದ ಗುತ್ತಲಿನವಳು. ಶ್ರೀಗಂಧದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಮಳವಳ್ಳಿ ಹತ್ತಿರದ ಈ ಹೊಲವನ್ನು "ಸುಮ್ನೆ ಬಿದ್ದದೆ, ಮಾಡ್ಕೊ ಮಗಾ" ಎಂದು ಬಿಟ್ಟುಕೊಟ್ಟವರು ಮರಿತಾಯಮ್ಮ. ಕುಡುಗೋಲು ಹಿಡಿದು ನಿಂತಿದ್ದವನು ಇದೇನೂ ತಿಳಿಯದ ಅವರ ಮಗ ರಾಜೇಂದ್ರ. ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್, ವಾಸ ಅಲ್ಲಿನ ಕ್ವಾರ್ಟರ್ಸಿನಲ್ಲಿ.

ಕಣ್ಣೊರೆಸಿಕೊಂಡು ಅವಳು ಮಣ್ಣು ಕೆದಕಿ ತೋರಿಸಿದಳು. "ನೋಡಿ, ಇವು ತೊಗರಿ ಬೇರಿನ ಗಂಟು. ಗಾಳಿಯಲ್ಲಿರೋ ಸಾರಜನಕ ಇಲ್ಲಿ ಗೊಬ್ಬರ ಆಗುತ್ತೆ. ಪಕ್ಕದಲ್ಲಿರೋ ಗಂಧದ ಗಿಡ ತನ್ನ ಬೇರಿಂದ ತೊಗರಿ ಬೇರನ್ನ ಕಚ್ಚಿ ಅದನ್ನ ಹೀರುತ್ತೆ. ತೊಗರಿ ಹೋದ್ರೆ ಗಂಧ ಬಡವಾಗುತ್ತೆ."

ರಾಜೇಂದ್ರ ಪಿಳಿಪಿಳಿ ಕಣ್ಣು ಬಿಟ್ಟ. "ಗಂಧದ ಮರ ಅಂದ್ರೆ ಅಷ್ಟು ಮರ್ವಾದೆ ಕೊಡ್ತೀವಿ. ಅದು ಮಾಡೋದು ಇದಾ!"

ಅಷ್ಟು ಅಳುವಿನಲ್ಲೂ ಅವಳಿಗೆ ನಗು ಬಂತು. ಎಲ್ಲಾ ಶುರುವಾದದ್ದು ಅಲ್ಲಿಂದಲೇ ಅನ್ನಿ.

ಕುಯ್ದ ಸಾಲಿನ ಗಂಧದ ಸಸಿಗಳು ಕೆಲವೇ ವಾರಗಳಲ್ಲಿ ಹಳದಿ ತಿರುಗಿದವು. ಅದನ್ನು ಕಂಡು ಅವಳಿಗಿಂತ ಹೆಚ್ಚು ಪೇಚಾಡಿದವನು ಅವನೇ! ಪಾಳಿ ಮುಗಿಸಿ ನೇರ ಹೊಲಕ್ಕೆ ಬಂದು ಹೊಸ ತೊಗರಿ ಹಾಕಿದ, ಕೊಡದಲ್ಲಿ ನೀರು ಹೊತ್ತ. ತೊಗರಿ ಎತ್ತರಕ್ಕೆ ಬೆಳೆದು ಗಂಧಕ್ಕೆ ನೆರಳು ಕಟ್ಟದ ಹಾಗೆ ತುದಿ ಮಾತ್ರ ಸವರುವುದನ್ನು ಅವಳಿಂದಲೇ ಕಲಿತ. ಅವಳು ಬರುವ ದಿನ ಮುದ್ದೆ, ಸೊಪ್ಪಿನ ಸಾರು ಬದುವಿನ ಮೇಲೆ ಕಾಯುತ್ತಿದ್ದವು.

'ಇವನು ನನಗೆ ಏನಾಗಬೇಕು?' ಎಂದು ಕೇಳಿಕೊಳ್ಳುವಷ್ಟರಲ್ಲಿ ಅವನು ಅವಳಿಗೆ ಎಲ್ಲವೂ ಆಗಿಬಿಟ್ಟಿದ್ದ...

ಆದರೆ ಒಂದು ದಿನ ಮರಿತಾಯಮ್ಮ ಹೆಮ್ಮೆಯಿಂದಲೇ ಹೇಳಿದರು: "ದೂರದೂರ್ಗೆ ಬಡ್ತಿ ಬಂದಿತ್ತು ಕಣವ್ವ ನನ್ ಮಗಂಗೆ. ಬ್ಯಾಡ ಅಂದ್ಬುಟ್ಟ. ನಾನ್ ಒಂಟೋದ್ರೆ ಗಿಡ ಒಣಗೋಯ್ತವೆ ಅಂತಾನೆ!"

ಶೋಭಿತಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು.

'ನನಗೋಸ್ಕರವೇ? ಇಷ್ಟು ದಿನ ನಾನು ತಗೊಂಡಿದ್ದೇ ಆಯಿತು, ಕೊಟ್ಟಿದ್ದೇನು? ನಾನೂ ಗಂಧದ ಜಾತಿಯೇ... ಇವನನ್ನು ಕಚ್ಚಿ ಹೀರುತ್ತಿದ್ದೀನಿ. ಬಿಟ್ಟುಬಿಟ್ಟರೆ ಇವನಾದರೂ ಬೆಳೆದಾನು!'

ಪ್ರೀತಿ ಮಾಡುವವರು ಹೀಗೆ ಒಬ್ಬರೇ ಕೂತು ಇಬ್ಬರ ಪರವಾಗಿ ತೀರ್ಮಾನ ಮಾಡಿಬಿಡುತ್ತಾರೆ ನೋಡಿ! ಅವತ್ತೇ ಲ್ಯಾಬಿನ ಪರೀಕ್ಷೆಗೆ ಬೇಕಾದ ಗಂಧ, ತೊಗರಿ ಎಲೆಗಳನ್ನು ಕಿತ್ತುಕೊಂಡು ಮಂಡ್ಯಕ್ಕೆ ಹೋದವಳು ಮತ್ತೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಅವನಿಂದ ಮೆಸೇಜು ಬರುತ್ತಲೇ ಇತ್ತು. 'ಗಿಡ ಚೆನ್ನಾಗವೆ.' 'ಹೊಸ ಚಿಗುರು ಬಂತು.' ಕೊನೆಗೆ, 'ನನ್ನಿಂದ ತಪ್ಪಾಗಿದ್ರೆ ಹೇಳಿ.' ಅದನ್ನು ಓದಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು.

ಹಾಗಿರುವಾಗಲೇ ಎಲೆಗಳ ಫಲಿತಾಂಶ ಬಂತು. ಎಲೆ ಕೀಳುವ ಎಷ್ಟೋ ದಿನ ಮೊದಲೇ ಅವಳು ಗಂಧದ ಎಲೆಗೆ, ಲ್ಯಾಬಿನಲ್ಲಿ ಪತ್ತೆ ಹಚ್ಚಬಹುದಾದ ಗುರುತಿನ ಸಾರಜನಕ ಸವರಿದ್ದಳು. ಅದು ಎಲ್ಲೆಲ್ಲಿಗೆ ಹರಿಯುತ್ತದೆಂದು ನೋಡಲು. ಈಗ ಅದು ತೊಗರಿಯ ಎಲೆಯಲ್ಲೂ ಸಿಕ್ಕಿತ್ತು!

ಶೋಭಿತಾ ಮತ್ತೊಮ್ಮೆ ನೋಡಿದಳು. ಬ್ಯಾಗು ಹೆಗಲಿಗೇರಿಸಿದಳು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗಲೂ ಫಲಿತಾಂಶದ ಹಾಳೆ ಕೈಯಲ್ಲೇ ಇತ್ತು.

ರಾಜೇಂದ್ರ ಹೊಲದಲ್ಲೇ ಇದ್ದ. ಅದೇ ಸಾಲು, ಅದೇ ಕುಡುಗೋಲು. ಅವಳನ್ನು ಕಂಡವನೇ ಗಾಬರಿಯಿಂದ ಎರಡೂ ಕೈ ಮೇಲೆತ್ತಿದ.

"ತುದಿ ಮಾತ್ರ ಸವರ್ತಿದ್ದೆ ಕಣ್ರೀ! ಬುಡ ಮುಟ್ಟಿಲ್ಲ!"

ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

"ಬಡ್ತಿ ಯಾಕೆ ಬಿಟ್ರಿ, ರಾಜೇಂದ್ರ? ನನ್ನಿಂದ ನಿಮಗೆ ಏನು ಸಿಕ್ಕಿದೆ ಅಂತ?"

ಅವನು ಕುಡುಗೋಲು ಬದುವಿಗೆ ಇಟ್ಟ.

"ಅಪ್ಪ ತೀರ್ಕೊಂಡ್ಮೇಲೆ ನಾನು ಈ ಒಲಕ್ಕೆ ಕಾಲೇ ಇಟ್ಟಿರ್ಲಿಲ್ಲ. ಬಸ್ಸಲ್ಲಿ ಓಗುವಾಗ ಮುಖ ಆ ಕಡೆ ತಿರುಗಿಸ್ಕೊತಿದ್ದೆ. ಅವತ್ತು ಬೀಳು ಬಿದ್ದಿದ್ ನೆಲದಲ್ಲಿ ತೊಗ್ರಿ ನಿಂತಿದ್ದು ಕಂಡು ಇಳ್ದೆ. ಅಪ್ಪ ಕುಯ್ತಿದ್ದಂಗೇ ಕುಯ್ದೆ... ನೀವು ಓಡ್ಬಂದು ಕೂಗ್ಕೊಂಡ್ರಿ." ಬಗ್ಗಿ ಒಂದು ಗಂಧದ ಸಸಿಯ ಬುಡಕ್ಕೆ ಮಣ್ಣು ಏರಿಸಿದ. "ಒಬ್ಳೇ ಉಣ್ತಿದ್ ನಮ್ಮವ್ವ ನೀವು ಬಂದ್ಮೇಲೆ ನನ್ ಜೊತೆ ಕೂತ್ಕೊಂಡು ಉಣ್ತಾಳೆ ಕಣ್ರೀ. ಇದ್ಕಿಂತ ಇನ್ನೇನ್ ಸಿಗ್ಬೇಕು?"

ಶೋಭಿತಾಳ ಕಣ್ಣು ತುಂಬಿ ಬಂತು. ಕೊಟ್ಟದ್ದು ಅವಳಿಗೇ ಗೊತ್ತಿರಲಿಲ್ಲ!

"ಗಂಧ ವಾಪಸ್ ಕೊಡುತ್ತೆ," ಎಂದಳು ಮೆಲ್ಲಗೆ. "ತೊಗರಿ ಎಲೇಲಿ ಸಿಕ್ತು. ತಗೊಂಡಷ್ಟಲ್ಲ... ಸ್ವಲ್ಪ. ಆದ್ರೆ ಕೊಡುತ್ತೆ."

"ಆ ಸ್ವಲ್ಪ ಸಾಕಾ ಅಂತ ತೊಗ್ರೀನ ಕೇಳಿದ್ರಾ?"

"ಕೇಳೋಕೇ ಬಂದೆ."

"ಸಾಕು," ಎಂದ ಅವನು. "ಜೀವಮಾನಕ್ಕೆ ಸಾಕು."

ಅವಳು ಅವನ ಮಣ್ಣು ಮೆತ್ತಿದ ಕೈಯನ್ನು ಹಿಡಿದುಕೊಂಡಳು.

"ಇನ್ನೊಂದ್ಸಲ ಬಡ್ತಿ ಬಂದ್ರೆ ಬೇಡ ಅನ್ಬಾರ್ದು. ಇಬ್ರೂ ಸೇರಿ ಯೋಚ್ನೆ ಮಾಡೋಣ."

"ಆಯ್ತು. ನೀನೂ ಫೋನ್ ಎತ್ಬೇಕು."

"ನೀನು" ಎಂದದ್ದು ಅವನಿಗೇ ಆಮೇಲೆ ಹೊಳೆಯಿತು. ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಎತ್ತೀನಿ ಕಣೋ," ಎಂದಳು. "ನಡಿ, ಅವ್ವ ಉಣ್ಣದೆ ಕಾಯ್ತಿರ್ತಾರೆ."